ಅಲ್ ಅಹ್ಸಾದಲ್ಲಿ ಒಂದು ವಿಲಾಯತಿ ತೋಟ

ಕಳೆದ ತಿಂಗಳು ತೋಟಗಾರಿಕೆ ಡಿಪ್ಲೊಮಾ ಮುಗಿಸಿದ ನಮ್ಮ ಕಡೆಯ ಮೂವರು ನನ್ನನ್ನು ನೋಡಲು ಬಂದಿದ್ದರು. ಮೂವರಿಗೂ ದಮ್ಮಾಮಿನಲ್ಲಿ ಗಾರ್ಡನ್ ಸೂಪರ್‌ವೈಸರ್ ಕೆಲಸ ಸಿಕ್ಕಿದೆ. "ಹಮೀದಾಕ, ಅಲ್ಲಿ ಎಂತೆಲ್ಲ ಗಿಡ ಬರ್ತದೆ? ನಾವು ಎಂತ ಕಲ್ತುಕೊಂಡು ಹೋಗಬೇಕು?" ಎಂದು ಕೇಳಿದರು. ನಾನು ಹತ್ತಿಪ್ಪತ್ತು ಗಿಡಗಳ ಹೆಸರು ಹೇಳಿದೆ. ಅವರು ಫೋನಿನಲ್ಲಿ ಬರೆದುಕೊಂಡು, ಚಹಾ ಕುಡಿದು ಹೋದರು. ಹೇಳಬೇಕಾದ್ದನ್ನು ಹೇಳಲೇ ಇಲ್ಲವಲ್ಲ ಎಂದು ಆಮೇಲೆ ಅನಿಸಿತು. ಗಿಡದ ಹೆಸರು ಪುಸ್ತಕದಲ್ಲೂ ಸಿಗುತ್ತದೆ. ಕೆಲಸ ಹೇಗಿತ್ತು ಎಂಬುದನ್ನು ಅಲ್ಲಿ ದುಡಿದವನೇ ಹೇಳಬೇಕು.

ನಾನು ಸೌದಿಗೆ ಹೋದದ್ದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಅದಕ್ಕೆ ಮೊದಲು ಮಂಗಳೂರಿನ ಒಂದು ನರ್ಸರಿಯಲ್ಲಿ ಮಾವಿಗೆ ಕಸಿ ಕಟ್ಟುತ್ತಿದ್ದೆ, ಮಲ್ಲಿಗೆಯ ಗೆಲ್ಲು ನೆಟ್ಟು ಬೇರು ಬರಿಸುತ್ತಿದ್ದೆ. ಮುಂಬಯಿಯಲ್ಲಿ ಸಂದರ್ಶನ ಮಾಡಿದವರು "ಲಾನ್ ಮಾಡಿ ಗೊತ್ತಿದೆಯಾ?" ಎಂದು ಕೇಳಿದಾಗ ಧೈರ್ಯವಾಗಿ "ಗೊತ್ತು" ಎಂದಿದ್ದೆ. ಲಾನ್ ಎಂಬುದನ್ನು ನಾನು ನೋಡಿದ್ದು ಸರ್ಕ್ಯೂಟ್ ಹೌಸಿನ ಗೇಟಿನ ಹೊರಗೆ ನಿಂತು ಮಾತ್ರ.

ಬರೀ ಮರಳು ನೋಡುವ ತಯಾರಿಯಲ್ಲಿ ಹೋದವನಿಗೆ ಅಲ್ ಅಹ್ಸಾದಲ್ಲಿ ಕಂಡದ್ದು ಖರ್ಜೂರದ ಕಾಡು. ಮರಗಳ ನಡುವೆ ಕಾಲುವೆ, ಕಾಲುವೆಯ ಬದಿಯಲ್ಲಿ ಕತ್ತೆಗಾಡಿ, ಬಟ್ಟೆ ಒಗೆಯುವ ಹೆಂಗಸರು. ಆ ಹಸಿರು ಮುಗಿದು ಮರಳು ಶುರುವಾಗುವ ಅಂಚಿನಲ್ಲಿ ನನ್ನ ಕಫೀಲ್, ಅಂದರೆ ವೀಸಾ ಕೊಟ್ಟು ಕರೆಸಿದ ಧಣಿ, ಶೇಖ್ ಇಬ್ರಾಹಿಮರ ಜಮೀನು. ಅಲ್ಲಿ ಹೊಸ ಮನೆ ಎದ್ದಿತ್ತು. ಮನೆಯ ಮುಂದೆ ಇಂಗ್ಲೆಂಡಿನ ಜಮೀನ್ದಾರರ ಬಂಗಲೆಗಿರುವಂಥದೇ ಉದ್ಯಾನ ಆಗಬೇಕು ಎಂಬುದು ಶೇಖರ ಹಟ.

ಅದು ಶೋಕಿಯ ಹಟವಾಗಿರಲಿಲ್ಲ. ಅವರ ತಾಯಿ ಉಮ್ಮ್ ಇಬ್ರಾಹಿಂ ಸೊಂಟದ ಮೂಳೆ ಮುರಿದುಕೊಂಡು ಇಂಗ್ಲೆಂಡಿನಲ್ಲಿ ಆಪರೇಷನ್ ಮಾಡಿಸಿಕೊಂಡಿದ್ದರು. ಚೇತರಿಸಿಕೊಳ್ಳಲು ಅವರನ್ನು ಇಟ್ಟದ್ದು ಹಳ್ಳಿಗಾಡಿನ ಒಂದು ಹಳೆಯ ಬಂಗಲೆಯಲ್ಲಿ. ಅದು ಹಿಂದೆ ಯಾರೋ ಪ್ರಭುವಿನ ಮನೆ, ಆಗ ಆಸ್ಪತ್ರೆಯಾಗಿತ್ತು. ಅಲ್ಲಿನ ಹುಲ್ಲಿನ ಮೇಲೆ ನರ್ಸಿನ ಕೈ ಹಿಡಿದು ಆಕೆ ದಿನಕ್ಕೆ ಎರಡು ಸಲ ನಡೆಯುತ್ತಿದ್ದರಂತೆ. ಅಲ್ ಅಹ್ಸಾದ ಪೇಟೆ ಹುಫೂಫ್‌ನ ಮನೆಗೆ ಮರಳಿದ ಮೇಲೆ ಅಮೃತಶಿಲೆಯ ನೆಲ ನೋಡಿದರೇ ಹೆದರಿಕೆ. ಬಿದ್ದದ್ದು ಅಂಥ ನೆಲದ ಮೇಲೇ. ಗಾಲಿಕುರ್ಚಿ ಬಿಟ್ಟು ಏಳಲಿಲ್ಲ. ನಡೆಯದಿದ್ದರೆ ಕಾಲು ಪೂರ್ತಿ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಮಗ ಮತ್ತೆ ಇಂಗ್ಲೆಂಡಿಗೆ ಹೋಗಿ ಆ ಬಂಗಲೆಯ ತೋಟಗಾರನನ್ನೇ ಕರೆದುಕೊಂಡು ಬಂದರು. ಅವರೇ ನನ್ನ ಮೇಲಧಿಕಾರಿ, ಮಿಸ್ಟರ್ ಹಾರ್ಪರ್.

ಅರವತ್ತು ದಾಟಿದ ತೆಳ್ಳಗಿನ ಮನುಷ್ಯ. ಅಷ್ಟು ಸೆಕೆಯಲ್ಲೂ ಟೈ. ಪ್ಯಾಂಟಿನ ಜೇಬಿನಲ್ಲಿ ಯಾವಾಗಲೂ ಒಂದು ಉಂಡೆ ದಾರ. ಅವರ ಅಪ್ಪನೂ ಅದೇ ಬಂಗಲೆಯ ತೋಟದಲ್ಲಿ ದುಡಿದವರು. ಮೊದಲ ದಿನ ನನ್ನನ್ನು ಹೊಸ ಮನೆಯ ಮೇಲಿನ ಕೋಣೆಗೆ ಕರೆದುಕೊಂಡು ಹೋಗಿ ಕಿಟಕಿಯ ಹತ್ತಿರ ಕುರ್ಚಿ ಹಾಕಿ ಕೂರಿಸಿದರು. ಹೊರಗೆ ಬುಲ್‌ಡೋಜರ್ ಓಡಿಸಿದ ಬರೀ ಮಣ್ಣು.

"ಇದು ಆ ತಾಯಿಯ ಕೋಣೆ. ಅವರ ಕಣ್ಣು ಈಗ ನಿನ್ನ ಕಣ್ಣು ಇರುವಷ್ಟೇ ಎತ್ತರದಲ್ಲಿರುತ್ತದೆ," ಎಂದರು. "ಇಲ್ಲಿಂದ ಸರಿಯಾಗಿ ಕಾಣದಿದ್ದರೆ ಕೆಳಗೆ ಎಷ್ಟು ಬೆವರು ಸುರಿಸಿದರೂ ಪ್ರಯೋಜನವಿಲ್ಲ."

ಆಮೇಲೆ ನಕ್ಷೆ ಬಿಡಿಸಿದರು. ಮನೆಗೆ ತಾಗಿ ಎಲ್ಲವೂ ಅಳತೆಯಲ್ಲಿ: ಕತ್ತರಿಸಿದ ಬೇಲಿಗಿಡಗಳ ಚೌಕ, ಚೌಕದೊಳಗೆ ಗುಲಾಬಿ, ನಡುವೆ ಕಲ್ಲಿನ ದಾರಿ. ಅದರಾಚೆ ಅಳತೆಯೇ ಕಾಣಬಾರದು. ಏರಿಳಿಯುವ ಹುಲ್ಲು, ಅಲ್ಲೊಂದು ಇಲ್ಲೊಂದು ಮರದ ಗುಂಪು, ಕೊನೆಯಲ್ಲಿ ಸೊಟ್ಟ ಅಂಚಿನ ಒಂದು ಕೆರೆ. "ಅದನ್ನು ಮಾಡಿದವರು ನಾವು ಅಂತ ಯಾರಿಗೂ ಗೊತ್ತಾಗಬಾರದು. ಮೊದಲಿನಿಂದಲೂ ಹಾಗೇ ಇತ್ತು ಅನ್ನಿಸಬೇಕು." ನಮ್ಮೂರಲ್ಲಿ ಮಾಡಿದ ಕೆಲಸ ನಾಲ್ಕು ಜನಕ್ಕೆ ಕಾಣಬೇಕು ಎನ್ನುವವರೇ ಎಲ್ಲ. ಕಾಣದ ಹಾಗೆ ಕೆಲಸ ಮಾಡುವುದನ್ನು ನಾನು ಕೇಳಿದ್ದೇ ಆಗ.

ಮೊದಲ ದೊಡ್ಡ ಎಡವಟ್ಟು ನಾನು ಹೋದ ವರ್ಷದ ಚಳಿಗಾಲದಲ್ಲೇ ಆಯಿತು. ಜಮೀನಿನ ಆಚೆ ಆಡು ಮೇಯಿಸುವವರ ದಾರಿ. ಬೇಲಿ ಹಾಕಿದರೆ ಕಿಟಕಿಯ ನೋಟ ಕೆಡುತ್ತದೆ. ಅದಕ್ಕೆ ಇಂಗ್ಲಿಷರ ಉಪಾಯ ಎಂದರೆ ಒಂದು ಉದ್ದದ ಕಂದಕ. ಹೊರಗಿನ ಬದಿ ಮೆಲ್ಲಗೆ ಇಳಿಜಾರು, ತೋಟದ ಬದಿ ನೆಟ್ಟಗೆ ಕಲ್ಲಿನ ಗೋಡೆ. ಇಳಿದು ಬಂದ ಪ್ರಾಣಿ ಗೋಡೆಗೆ ತಡೆದು ನಿಲ್ಲುತ್ತದೆ, ಮನೆಯಿಂದ ನೋಡುವವರಿಗೆ ಕಂದಕವೂ ಇಲ್ಲ, ಗೋಡೆಯೂ ಇಲ್ಲ. ಅದರ ಹೆಸರು ಹಾ-ಹಾ.

"ಎಂತ ಹೆಸರು ಮಾರಾಯ, ಯಾರೋ ನಗಾಡಿದ ಹಾಗೆ," ಎಂದ ನನ್ನ ಜೊತೆಗಾರ ಸಂಜೀವ. ಅವನು ಕಾರ್ಕಳದವನು, ಪೈಪಿನ ಕೆಲಸದವನು. ನನ್ನ ಕೋಣೆಯಲ್ಲೇ ಇದ್ದವನು.

ನಿಜವಾಗಿ ನಗಾಡುವ ಹಾಗೆ ಮಾಡಿದವನು ನಾನು. ಹಾರ್ಪರ್ ರಿಯಾದಿಗೆ ಹೋಗಿದ್ದ ವಾರ ಕಂದಕದ ಉಸ್ತುವಾರಿ ನನ್ನದು. ನಕ್ಷೆಯಲ್ಲಿ ಮನೆ ಎಡಕ್ಕೆ, ಹೊರಗಿನ ಬಯಲು ಬಲಕ್ಕೆ ಇತ್ತು. ನಾನು ಮನೆಗೆ ಮುಖ ಮಾಡಿ ನಿಂತು ಅದನ್ನು ತಿರುವುಮುರುವಾಗಿ ಓದಿದೆ. ಗೋಡೆ ಹೊರಗಿನ ಬದಿಗೆ, ಇಳಿಜಾರು ತೋಟದ ಬದಿಗೆ! ಹಾರ್ಪರ್ ಮರಳಿದ ದಿನ ಬೆಳಿಗ್ಗೆ ಹೊಸ ಗುಲಾಬಿಯ ಚೌಕದಲ್ಲಿ ಮೂವತ್ತು ನಲವತ್ತು ಆಡುಗಳು. ಗೋಡೆಯಿಂದ ಸಲೀಸಾಗಿ ಕೆಳಗೆ ಹಾರಿ, ನಾವೇ ಮಾಡಿಕೊಟ್ಟ ಇಳಿಜಾರು ಹತ್ತಿ ಬಂದಿದ್ದವು. ಹೋಗಲು ಮಾತ್ರ ಅವಕ್ಕೆ ದಾರಿ ಇರಲಿಲ್ಲ. ಸಂಜೀವನೂ ನಾನೂ ಒಂದೊಂದನ್ನೇ ಎತ್ತಿ ಗೋಡೆಯ ಮೇಲೆ ದಾಟಿಸಿದೆವು.

ಹಾರ್ಪರ್ ಬೈಯಲಿಲ್ಲ. ನಕ್ಷೆಯನ್ನು ನೆಲದ ಮೇಲೆ ಬಿಡಿಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ನನ್ನ ಎರಡೂ ಭುಜ ಹಿಡಿದು ತಿರುಗಿಸಿ ನಿಲ್ಲಿಸಿದರು. "ಈಗ ಓದು." ಓದಿದೆ. ತೋಟದ ಬದಿಗೆ ಹೊಸ ಗೋಡೆ ಕಟ್ಟಿ, ಹೊರಗಿನದನ್ನು ಇಳಿಜಾರು ಮಾಡಲು ಮತ್ತೆ ಮೂರು ವಾರ ಹಿಡಿಯಿತು. ಹೊಸ ಜಾಗದಲ್ಲಿ ನಕ್ಷೆಯನ್ನು ನೆಲದ ದಿಕ್ಕಿಗೆ ಸರಿಯಾಗಿ ತಿರುಗಿಸದೆ ಮುಂದೆ ನಾನು ಒಂದು ಗುದ್ದಲಿಯನ್ನೂ ಎತ್ತಲಿಲ್ಲ.

ಬೇಲಿಗಿಡದ ಕಥೆ ಬೇರೆ. ಇಂಗ್ಲೆಂಡಿನಿಂದ ವಿಮಾನದಲ್ಲಿ ತರಿಸಿದ ಬಾಕ್ಸ್ ಗಿಡಗಳು ಏಪ್ರಿಲ್ ಗಾಳಿಗೆ ಕಂದಿ ಹೋದವು. ಹಾರ್ಪರ್ ದಿನಾ ಬೆಳಿಗ್ಗೆ ಒಂದೊಂದರ ತೊಗಟೆ ಉಗುರಿನಲ್ಲಿ ಕೆರೆದು ನೋಡುತ್ತಿದ್ದರು, ಒಳಗೆ ಹಸಿರಿದೆಯೇ ಎಂದು. ಪಕ್ಕದ ಖರ್ಜೂರದ ತೋಟದ ಮುದುಕ ಹಾಜಿ ಸಲ್ಮಾನ್ ಇದನ್ನು ದೂರದಿಂದ ನೋಡುತ್ತಿದ್ದವರು ಒಂದು ದಿನ ತಮ್ಮ ಅಂಗಳದಿಂದ ಒಂದು ಗೆಲ್ಲು ಮುರಿದು ತಂದು ಅವರ ಕೈಗೆ ಕೊಟ್ಟರು. ಸಣ್ಣ ಎಲೆ, ಹೊಸಕಿದರೆ ಪರಿಮಳ. ಅವರ ಭಾಷೆಯಲ್ಲಿ ಯಾಸ್. ಹಾರ್ಪರ್ ಮೂಸಿ ನೋಡಿ ನಕ್ಕರು. "ಮರ್ಟಲ್! ಇದನ್ನು ನಮ್ಮಲ್ಲಿ ಗಾಜಿನ ಮನೆಯಲ್ಲಿಟ್ಟು ಸಾಕುತ್ತೇವೆ." ಆ ಮುದುಕರ ಅಂಗಳದ ಗಿಡದಿಂದಲೇ ನೂರಾರು ಗೆಲ್ಲು ತಂದು ನಾನು ನಾಟಿ ಮಾಡಿದೆ. ಮಂಗಳೂರಿನಲ್ಲಿ ಕಲಿತ ವಿದ್ಯೆ ಮೊದಲ ಬಾರಿಗೆ ಅಲ್ಲಿ ಕೆಲಸಕ್ಕೆ ಬಂದದ್ದು ಹೀಗೆ.

ಈಗ ನನ್ನ ಮುಖ್ಯ ತಪ್ಪಿನ ವಿಷಯಕ್ಕೆ ಬರುತ್ತೇನೆ. ಇದನ್ನು ಈವರೆಗೆ ಮನೆಯವರಿಗೆ ಬಿಟ್ಟು ಯಾರಿಗೂ ಹೇಳಿದ್ದಿಲ್ಲ.

ವಿಲಾಯತಿ ಬೀಜದ ಹುಲ್ಲು ಚಳಿಗಾಲದಲ್ಲಿ ಚೆನ್ನಾಗಿ ಎದ್ದಿತ್ತು. ಜೂನ್ ಹೊತ್ತಿಗೆ ತಾಯಿಯನ್ನು ಕರೆತರುವುದೆಂದು ಶೇಖರು ನಿಶ್ಚಯಿಸಿದ್ದರು. ಮೇ ಕೊನೆಯಲ್ಲಿ ಸಿಹಿನೀರಿನ ಬಾವಿಯ ಪಂಪು ಸುಟ್ಟುಹೋಯಿತು. ಬಿಡಿಭಾಗ ಹುಡುಕಲು ದಮ್ಮಾಮಿಗೆ ಹೊರಟ ಹಾರ್ಪರ್ ನನಗೆ ಹೇಳಿದ್ದು ಇಷ್ಟು: "ಗುಲಾಬಿಗೆ ಟ್ಯಾಂಕರಿನ ನೀರು ಹಾಕು. ಹುಲ್ಲಿಗೆ ಏನೂ ಬೇಡ. ಹಳದಿಯಾದರೆ ಆಗಲಿ. ನಾಲ್ಕು ದಿನ ತಡೆಯುತ್ತದೆ."

ಎರಡನೆಯ ದಿನಕ್ಕೆ ಹುಲ್ಲು ಹಳದಿಯಾಯಿತು. ಮೂರನೆಯ ದಿನ ತುಳಿದರೆ ಚರಚರ ಎಂದಿತು. ನನಗೆ ನೋಡಲಾಗಲಿಲ್ಲ. ಕೆರೆಯ ತುಂಬ ನೀರಿತ್ತು. ಅದು ಖರ್ಜೂರದ ತೋಟಗಳಿಂದ ಬಸಿದು ಬಂದ ಕಾಲುವೆಯ ನೀರು, ನೋಟಕ್ಕೆ ಮಾತ್ರ ಎಂದು ತುಂಬಿಸಿದ್ದು. ಸ್ವಲ್ಪ ಉಪ್ಪಿದೆ ಎಂದು ಗೊತ್ತಿತ್ತು. ಎಷ್ಟೆಂದು ಗೊತ್ತಿರಲಿಲ್ಲ. ಸಂಜೀವನಿಗೆ ಹೇಳಿ ಡೀಸೆಲ್ ಪಂಪು ಜೋಡಿಸಿದೆ.

"ಸಾಹೇಬರು ಬೇಡ ಅಂದಿದ್ದಾರಲ್ಲ ಮಾರಾಯ," ಎಂದ ಅವನು.

"ಎರಡು ದಿನ ಅಷ್ಟೆ. ನೀನು ಹಚ್ಚು."

ಮೊದಲ ದಿನ ಹುಲ್ಲು ತಲೆ ಎತ್ತಿತು. ನನಗೆ ನನ್ನ ಬಗ್ಗೆಯೇ ಹೆಮ್ಮೆ. ಹಾರ್ಪರ್ ಬರುವುದು ತಡವಾಯಿತು, ಎರಡು ದಿನ ಎಂದದ್ದು ನಾಲ್ಕಾಯಿತು. ಐದನೆಯ ದಿನಕ್ಕೆ ಬುಡದವರೆಗೆ ಕಂದು. ಒಣಗಿದ ಮಣ್ಣಿನ ಮೇಲೆ ಬಿಳಿ ಪುಡಿ ಎದ್ದಿತ್ತು. ನಾಲಗೆಗೆ ಹಚ್ಚಿ ನೋಡಿದೆ. ನಮ್ಮ ಕಡಲಿನ ನೀರು ಬಟ್ಟೆಯ ಮೇಲೆ ಒಣಗಿದರೆ ಬಿಡುವ ರುಚಿ ಅದು.

ಹಾರ್ಪರ್ ಬಂದರು, ಹುಲ್ಲಿನ ಮೇಲೆ ಮಂಡಿಯೂರಿ ಕುಳಿತರು, ಎದ್ದರು. ಕೆರೆಯವರೆಗೆ ಹೋಗಿ ಬಂದರು. ಅದೇ ಮಧ್ಯಾಹ್ನ ಶೇಖರ ಕಾರು ಬಂತು. ಶೇಖರು ಮೆಟ್ಟಿಲ ಮೇಲೆ ನಿಂತು ನೋಡಿದರು. ಎತ್ತರಿಸಿದ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಆ ಒಂದು ಸಲ ಮಾತ್ರ ಕೇಳಿದ್ದು.

"ನನ್ನ ತಾಯಿಗೆ ಇದನ್ನು ತೋರಿಸಲಾ? ನಿಮ್ಮನ್ನು ಅಷ್ಟು ದೂರದಿಂದ ಕರೆದು ತಂದದ್ದು ಇದಕ್ಕಾ?"

"ತೋಟ ನನ್ನ ಜವಾಬ್ದಾರಿ, ಶೇಖ್," ಎಂದರು ಹಾರ್ಪರ್. ಅಷ್ಟೇ.

ವಾರದೊಳಗೆ ಊರಿಗೆ ಹೊರಡಬಹುದು ಎಂದು ಶೇಖರು ಹಾರ್ಪರಿಗೆ ಹೇಳಿ ಹೋದರು. ನಾನು ಹತ್ತು ಹೆಜ್ಜೆ ದೂರದಲ್ಲಿ ಕತ್ತರಿ ಹಿಡಿದು ನಿಂತಿದ್ದೆ. ಬಾಯಿ ಬಿಡಲಿಲ್ಲ. ಅಲ್ಲಿ ಇರಲು ಕೊಡುವ ಇಕಾಮಾ ಪರವಾನಗಿ ರದ್ದಾಗುವುದು, ಊರಿನ ಮನೆಯ ಜಗಲಿಯಲ್ಲಿ ನನ್ನ ಉಮ್ಮನ ಮುಖ, ಮದುವೆ ಗೊತ್ತಾದ ತಂಗಿ, ಎಲ್ಲ ಕಣ್ಣ ಮುಂದೆ ಬಂದವು. ಈಗ ಇದು ನೆಪವಾಗಿ ಕೇಳುತ್ತದೆ. ಆಗ ಅದು ನಿಜವಾದ ಭಯವಾಗಿತ್ತು.

ಎರಡು ದಿನ ಹಾರ್ಪರ್ ಎಂದಿನಂತೆ ಆರು ಗಂಟೆಗೆ ಕೆಲಸಕ್ಕೆ ಬಂದರು. ಟೈ ಕಟ್ಟಿಕೊಂಡು, ದಾರ ಎಳೆದು, ಯಾಸ್ ಸಸಿಗಳು ಬೇಲಿಯಾದಾಗ ಅಂಚು ಹೇಗೆ ಹಿಡಿಯಬೇಕೆಂದು ನನಗೆ ತೋರಿಸಿದರು. ತಾವು ಹೋದ ಮೇಲೆ ಗುಲಾಬಿಯನ್ನು ಯಾವ ತಿಂಗಳು ಕತ್ತರಿಸಬೇಕು ಎಂದು ಬರೆಸಿದರು. ಮೂರನೆಯ ದಿನ ಊಟದ ಹೊತ್ತಿಗೆ ಸಂಜೀವ ತಟ್ಟೆ ಬದಿಗಿಟ್ಟ.

"ನೀನು ಹೇಳ್ತೀಯಾ, ನಾನು ಹೇಳ್ಬೇಕಾ? ಪಂಪು ಹಚ್ಚಿದ ಕೈ ನಂದು. ನನಗೆ ಅನ್ನ ಇಳಿಯುದಿಲ್ಲ ಹಮೀದ್."

ಕೈ ತೊಳೆದು ಎದ್ದೆ. ಡ್ರೈವರನನ್ನು ಕಾಡಿ ಹುಫೂಫ್‌ಗೆ ಹೋದೆ. ಶೇಖರ ಬೈಠಕ್ಕಿನಲ್ಲಿ ನಾಲ್ಕೈದು ಹಿರಿಯರು ಕುಳಿತಿದ್ದರು. ಹೊರಗೆ ಕರೆಯುತ್ತಾರೇನೋ ಎಂದುಕೊಂಡೆ. ಕರೆಯಲಿಲ್ಲ. ಅಷ್ಟು ಜನರ ಮುಂದೆ, ಬಂದಷ್ಟು ಅರಬಿಯಲ್ಲಿ, ಕೆರೆಯ ನೀರು ಬಿಟ್ಟದ್ದು ನಾನು, ಮಿಸ್ಟರ್ ಹಾರ್ಪರ್ ಬೇಡ ಎಂದಿದ್ದರು ಎಂದು ಹೇಳಿದೆ.

ಶೇಖರು ಕೈಯಲ್ಲಿದ್ದ ತಸ್ಬೀಹ್ ಜಪಮಣಿಯನ್ನು ಕಿಸೆಗೆ ಹಾಕಿದರು. ಆಮೇಲೆ ಎದ್ದು ನನ್ನನ್ನೇ ಕಾರಿನಲ್ಲಿ ಕೂರಿಸಿಕೊಂಡು ತೋಟಕ್ಕೆ ಬಂದರು. ಹಾರ್ಪರ್ ಗುಲಾಬಿಯ ನಡುವೆ ಇದ್ದರು.

"ನಿಮಗೆ ಗೊತ್ತಿತ್ತಾ?"

"ಬಂದ ದಿನವೇ. ಡೀಸೆಲ್ ಪಂಪಿನ ಬಾಯಿ ಇನ್ನೂ ಒದ್ದೆ ಇತ್ತು."

"ಯಾಕೆ ಹೇಳಲಿಲ್ಲ?"

"ಅವನು ನನ್ನ ಆಳು, ಶೇಖ್. ಯಾಸ್ ಗೆಲ್ಲುಗಳಿಗೆ ಬೇರು ಬರಿಸಿದವನು ಅವನು. ನೀವು ಬೆನ್ನು ತಟ್ಟಿದ್ದು ನನ್ನದು. ಆಗ ನಾನು ಬೇಡ ಅನ್ನಲಿಲ್ಲವಲ್ಲ." ಸುಟ್ಟ ಹುಲ್ಲಿನ ಕಡೆ ತಿರುಗಿ ಮತ್ತೆ ಹೇಳಿದರು: "ಇನ್ನೊಂದು ಮಾತು. ಇವನು ಉಪ್ಪುನೀರು ಬಿಡದಿದ್ದರೂ ಈ ಹುಲ್ಲು ಆಗಸ್ಟ್ ನೋಡುತ್ತಿರಲಿಲ್ಲ. ಇಲ್ಲಿಗೆ ನಮ್ಮೂರಿನ ಬೀಜ ತಂದ ತಪ್ಪು ನನ್ನದೇ."

ಶೇಖರು ನಮ್ಮಿಬ್ಬರನ್ನೂ ನೋಡಿದರು. ಸಿಟ್ಟು ಇಳಿದಿತ್ತು, ದಣಿವು ಉಳಿದಿತ್ತು. "ಚಳಿಗಾಲದವರೆಗೆ ಸಮಯ ಕೊಟ್ಟರೆ ಹುಲ್ಲು ಬರುತ್ತದಾ? ತಾಯಿಯ ಒಂದು ಕಾಲು ಈಗಲೇ ಸಣ್ಣಗಾಗುತ್ತಿದೆ."

"ಗೊತ್ತಿಲ್ಲ," ಎಂದರು ಹಾರ್ಪರ್. ಗೊತ್ತಿಲ್ಲದ್ದನ್ನು ಗೊತ್ತು ಎನ್ನುವ ಅಭ್ಯಾಸ ಅವರಿಗೆ ಇರಲಿಲ್ಲ. ಅವತ್ತು ಉತ್ತರ ಸಿಕ್ಕಿದ್ದು ಕಾರು ನೋಡಿ ಪಕ್ಕದ ತೋಟದಿಂದ ಬಂದು ಶೇಖರ ಹಿಂದೆ ನಿಂತಿದ್ದ ಹಾಜಿ ಸಲ್ಮಾನರಿಂದ. ಅವರು ಕೋಲಿನಿಂದ ದೂರದ ಕಂದಕವನ್ನು ತೋರಿಸಿದರು. ಹಾ-ಹಾದ ಉದ್ದಕ್ಕೂ ನಾಲ್ಕು ಮಾರು ಅಗಲದ ಒಂದು ಪಟ್ಟಿಯಲ್ಲಿ ಹುಲ್ಲು ಇನ್ನೂ ಹಸಿರಾಗಿತ್ತು! ಅದೇ ಉಪ್ಪುನೀರು ಅಲ್ಲಿಗೂ ಬಿದ್ದಿತ್ತು. ಇಷ್ಟು ದಿನ ಸುಟ್ಟದ್ದನ್ನೇ ನೋಡಿಕೊಂಡಿದ್ದ ನಮಗೆ ಅದು ಕಂಡಿರಲೇ ಇಲ್ಲ.

ಮುದುಕರು ಹುಲ್ಲಿನ ನಡುವೆ ಒಂದು ಗುಂಡಿ ತೋಡಿಸಿದರು. ಸೊಂಟದಾಳಕ್ಕೆ ನೀರು ಒಸರಿತು, ಬಾಯಿಗಿಡಲಾಗದಷ್ಟು ಉಪ್ಪು. "ಇಲ್ಲಿ ನೀರು ಕೊಡುವುದು ಅರ್ಧ ಕೆಲಸ," ಎಂದರು. "ಕೊಟ್ಟ ನೀರನ್ನು ಉಪ್ಪು ಸಮೇತ ಹೊರಗೆ ಕಳಿಸುವುದು ಉಳಿದರ್ಧ. ನೀವು ಕಳಿಸಲೇ ಇಲ್ಲ. ಆ ನಿಮ್ಮ ಕಂದಕ ಕಳಿಸಿದೆ." ಆಡು ತಡೆಯಲು ತೋಡಿದ ಕಂದಕ ಬಸಿಗಾಲುವೆಯ ಕೆಲಸ ಮಾಡಿತ್ತು.

ಆ ಬೇಸಗೆ ನಾವು ಪಟ್ಟ ಪಾಡು ಹೇಳತೀರದು. ಇಡೀ ಹುಲ್ಲಿನ ಜಾಗ ಅಗೆದು, ನೆಲದಡಿಯಲ್ಲಿ ತೂತಿನ ಪೈಪು ಸಾಲಾಗಿ ಹಾಕಿ, ಎಲ್ಲವನ್ನೂ ಕಂದಕಕ್ಕೆ ಕೂಡಿಸಿದೆವು. ಕಂದಕದಿಂದ ಊರಿನ ಬಸಿಗಾಲುವೆಗೆ ದಾರಿ. ಸಂಜೀವನೇ ಅದರ ಇಂಜಿನಿಯರ್. ಬೆಳಿಗ್ಗೆ ನಾಲ್ಕೂವರೆಗೆ ಶುರು, ಹತ್ತಕ್ಕೆ ಬಂದ್. ಹೊಸ ಪಂಪಿನಿಂದ ಸಿಹಿನೀರು ನಿಲ್ಲಿಸಿ ನಿಲ್ಲಿಸಿ ಉಪ್ಪನ್ನು ತೊಳೆದೆವು. ಹಾರ್ಪರ್ ಕಂದಕದ ನೀರನ್ನು ಬೆರಳಿನಿಂದ ನಾಲಗೆಗೆ ಹಚ್ಚಿ ನೋಡಿ, ದಿನಾ ಮುಖ ಹಿಂಡುತ್ತಿದ್ದರು. ಉಪ್ಪು ಹೊರಗೆ ಹೋಗುತ್ತಿದೆ ಎಂಬ ಗುರುತು ಅದು. ಅವರ ಮುಖ ಹಿಂಡಿದಷ್ಟೂ ನಮಗೆ ಖುಷಿ.

ಇನ್ನು ಯಾವ ಹುಲ್ಲು? ಕಾಲುವೆಯ ಬದಿಯಲ್ಲಿ, ಖರ್ಜೂರದ ಬುಡದಲ್ಲಿ ತಾನಾಗಿ ಹಬ್ಬಿದ್ದ ಒಂದು ಹುಲ್ಲನ್ನು ನಾನು ಮೊದಲ ದಿನದಿಂದ ನೋಡಿದ್ದೆ. ಅದನ್ನು ಕಿತ್ತು ತಂದೆ. ಸಂಜೀವ ನೋಡಿದವನೇ, "ಹೇ, ಇದು ಗರಿಕೆ ಮಾರಾಯ! ನಮ್ಮಲ್ಲಿ ಗಣಪತಿಗೆ ಇಡುವುದು," ಎಂದ. ಹಾರ್ಪರಿಗೆ ಅದು ಕಳೆ. ನಾಲ್ಕು ದಿನ ಒಪ್ಪಲಿಲ್ಲ. ಐದನೆಯ ದಿನ ಬಿಸಿಲಲ್ಲಿ ಬಿಟ್ಟಿದ್ದ ಬೇರಿಲ್ಲದ ತುಂಡೊಂದು ಚಿಗುರಿದ್ದನ್ನು ನೋಡಿ, "ಸರಿ, ಇಷ್ಟು ಬದುಕಬೇಕೆಂದಿರುವುದಕ್ಕೆ ನಾನು ಅಡ್ಡ ಬರುವುದಿಲ್ಲ," ಎಂದರು. ಬಳ್ಳಿಯನ್ನು ಗೇಣುದ್ದ ಕತ್ತರಿಸಿ, ಇಡೀ ಏರಿಳಿತದ ಮೇಲೆ ಕೈಯಿಂದಲೇ ನೆಟ್ಟೆವು. ಅಕ್ಟೋಬರಿಗೆ ನೆಲ ಮುಚ್ಚಿತು. ಗರಿಕೆಯನ್ನು ಗಿಡ್ಡಗೆ ಕತ್ತರಿಸಿ ಕತ್ತರಿಸಿ ಜಮಖಾನದ ಹಾಗೆ ಮಾಡಿದವರು ಹಾರ್ಪರ್. ಚಳಿಗೆ ಮಾಸದಿರಲೆಂದು ಅದರ ಮೇಲೆ ತಮ್ಮೂರಿನ ಬೀಜವನ್ನೂ ಸ್ವಲ್ಪ ಚೆಲ್ಲಿದರು. ಚಳಿಗಾಲದಲ್ಲಿ ಅದು, ಬೇಸಗೆಯಲ್ಲಿ ಇದು. ಇಂದು ಗಲ್ಫಿನಲ್ಲಿ ಇದು ಸಾಮಾನ್ಯ ಪದ್ಧತಿ. ನಾವು ಅದನ್ನು ಕಲಿತದ್ದು ಮಾತ್ರ ತಪ್ಪು ಮಾಡಿ.

ಜನವರಿಯಲ್ಲಿ ಉಮ್ಮ್ ಇಬ್ರಾಹಿಂ ಹೊಸ ಮನೆಗೆ ಬಂದರು. ನಾವು ಅವರನ್ನು ನೋಡಲಿಲ್ಲ. ಹೆಂಗಸರು ತೋಟಕ್ಕೆ ಬರುವ ಹೊತ್ತಿಗೆ ಗಂಡಸರು ಅಲ್ಲಿ ಇರುವಂತಿಲ್ಲ. ಮರುದಿನ ನಸುಕಿನ ಫಜ್ರ್ ನಮಾಜಿನ ನಂತರ ಎಂಟು ಗಂಟೆಯವರೆಗೆ ಯಾರೂ ತೋಟಕ್ಕೆ ಇಳಿಯಬಾರದು ಎಂದು ಮನೆಯಿಂದ ಹೇಳಿ ಕಳಿಸಿದರು. ಒಂದೂವರೆ ವರ್ಷ ದುಡಿದ ಕೆಲಸವನ್ನು ನೋಡಬೇಕಾದವರು ನೋಡುವಾಗ ನಾವು ಪಂಪಿನ ಶೆಡ್ಡಿನ ಹಿಂದೆ ಕಪ್ಪು ಚಹಾ ಹಿಡಿದು ಕುಳಿತಿದ್ದೆವು. ಹಾರ್ಪರ್ ಗಡಿಯಾರ ನೋಡುತ್ತಿದ್ದರು. ಗೋಡೆಯಾಚೆಯಿಂದ ಒಮ್ಮೆ ಮಕ್ಕಳ ದನಿ ಕೇಳಿಸಿತು. ಆಮೇಲೆ ಅದೂ ಇಲ್ಲ.

ಎಂಟು ಗಂಟೆಗೆ ಗೇಟು ತೆರೆದರು. ಆ ಊರಿನಲ್ಲಿ ಚಳಿಗಾಲದ ಬೆಳಿಗ್ಗೆ ಮಂಜು ಬೀಳುತ್ತದೆ. ಇಡೀ ಹುಲ್ಲು ಬೆಳ್ಳಗೆ ಇಬ್ಬನಿ ಹೊದ್ದು ಮಲಗಿತ್ತು. ಕಲ್ಲಿನ ದಾರಿ ಮುಗಿಯುವಲ್ಲಿಂದ ಗಾಲಿಕುರ್ಚಿಯ ಎರಡು ಗೆರೆಗಳು ಇಬ್ಬನಿಯನ್ನು ಸೀಳಿಕೊಂಡು ಹೋಗಿದ್ದವು. ಸುತ್ತ ಮಕ್ಕಳು ಓಡಾಡಿದ ಗುರುತು. ಹಾರ್ಪರ್ ಮುಂದೆ, ಹಿಂದೆ ನಾನು, ಸಂಜೀವ. ಗೆರೆಯ ಬದಿಯಲ್ಲೇ ನಡೆದೆವು. ಮೊದಲ ಏರಿನ ನೆತ್ತಿಯಲ್ಲಿ ಗೆರೆಗಳು ನಿಂತಿದ್ದವು. ಅಲ್ಲಿಂದ ಮುಂದೆ ಗಾಲಿಯಿಲ್ಲ. ಮಧ್ಯದಲ್ಲಿ ಒಂದು ಜೊತೆ ಬರಿಗಾಲು, ಎಡಕ್ಕೆ ಒಂದು ಕೋಲಿನ ಚುಕ್ಕೆ, ಬಲಕ್ಕೆ ಮಗಳೋ ಸೊಸೆಯೋ ಕೈ ಹಿಡಿದು ನಡೆದ ಹೆಜ್ಜೆ. ಬರಿಗಾಲಿನ ಹೆಜ್ಜೆ ಚಿಕ್ಕದು. ಎಡದ್ದು ಸ್ವಲ್ಪ ಎಳೆದಿತ್ತು. ಎರಡು ಕಡೆ ನಿಂತ ಗುರುತಿತ್ತು. ಮತ್ತೆ ಹೊರಟಿತ್ತು. ಇಳಿಜಾರು ಇಳಿದು ಕೆರೆಯ ಅಂಚಿನವರೆಗೂ ಹೋಗಿತ್ತು.

ಸಂಜೀವ ಪಿಸುಗುಟ್ಟಿದ: "ನಡ್ದಿದ್ದಾರೆ ಮಾರಾಯ."

ಹುಲ್ಲು ಕತ್ತರಿಸುವ ದಿನ ಅದು. ಯಂತ್ರ ತರಲೇ ಎಂದು ನಾನು ಹಾರ್ಪರನ್ನು ಕೇಳಿದೆ. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಕಣ್ಣು ಆ ಹೆಜ್ಜೆಗಳ ಮೇಲೇ ಇತ್ತು.

"ಇವತ್ತು ಬೇಡ, ಹಮೀದ್," ಎಂದರು.

ಬಿಸಿಲು ಏರಿ ಇಬ್ಬನಿ ಆರಿ, ಆ ಹೆಜ್ಜೆಗಳು ಒಂದೊಂದಾಗಿ ಮಾಯವಾಗುವವರೆಗೆ ನಾವು ಮೂವರೂ ಅಲ್ಲೇ ನಿಂತಿದ್ದೆವು.